ಯುರೇನಸ್ ಗ್ರಹಕ್ಕೆ ಮಂಡಿಕಲ್ಲಿನಿಂದ ಒಂದು ಬಹಿರಂಗ ಪತ್ರ

ಪ್ರಿಯ ಯುರೇನಸ್,

ಕಳೆದ ಜನವರಿ 24ಕ್ಕೆ, ವಾಯೇಜರ್ 2 ನೌಕೆ ನಿನ್ನ ಮಗ್ಗುಲಲ್ಲಿ ಹಾದುಹೋಗಿ 40 ವರ್ಷ ತುಂಬಿತು. 1986ರ ಆ ದಿನಕ್ಕೆ ಮೊದಲು ಮನುಷ್ಯ ಮಾಡಿದ ಯಾವ ವಸ್ತುವೂ ನಿನ್ನ ಹತ್ತಿರ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಹಾಗಾಗಿ ನಿನ್ನನ್ನು ತಿಳಿಯಬೇಕಾದರೆ ಇವತ್ತಿಗೂ ದೂರದಿಂದ ನೋಡಿಯೇ ತಿಳಿಯಬೇಕು. ಹಾಗೆ ನೋಡುವವರಲ್ಲಿ ನಾನೂ ಒಬ್ಬ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನಲ್ಲಿ, ಮನೆಯ ಹಿತ್ತಲಲ್ಲಿ, ಎಂಟು ಇಂಚಿನ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡು ನಿನ್ನನ್ನು ಹುಡುಕುತ್ತೇನೆ. ಪತ್ರ ನಿನ್ನ ಹೆಸರಿಗಿದ್ದರೂ ನಮ್ಮ ಸೀಮೆಯ ಮೇಷ್ಟ್ರುಗಳು, ಮಕ್ಕಳು, ರೈತರು, ಪಂಚಾಯಿತಿ ಸದಸ್ಯರು ಎಲ್ಲರೂ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹೇಳುವುದು ಒಂದೇ ಮಾತು. ನಿನ್ನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು, ಯಾರೋ ಒಬ್ಬರು ರಾತ್ರಿ ಎದ್ದು ಕೂತು ಕಂಡದ್ದನ್ನು ಕಂಡ ಹಾಗೇ ಬರೆದಿಟ್ಟದ್ದರಿಂದ ಬಂದದ್ದು. ಅದರಲ್ಲಿ ನಮ್ಮವರ ಪಾಲೂ ಇದೆ. ಆ ಕೆಲಸವನ್ನು ನಮ್ಮೂರ ಮಕ್ಕಳೂ ಮಾಡಬಲ್ಲರು. ಅವರಿಗೆ ಒಂದು ನೋಟ್‌ಬುಕ್ಕೂ ಕತ್ತಲೆಯ ಆಕಾಶವೂ ಉಳಿದಿರಬೇಕು, ಅಷ್ಟೆ.

ನೀನು ಈಗ ಇರುವ ಜಾಗದ ಹೆಸರು ನಮ್ಮ ರೈತರಿಗೆ ಹೊಸದಲ್ಲ. ಮಳೆ ನಕ್ಷತ್ರಗಳ ಲೆಕ್ಕ ಹಿಡಿದು ಹೊಲ ಹದ ಮಾಡಿಕೊಳ್ಳುವವರಿಗೆ ಕೃತ್ತಿಕೆ, ರೋಹಿಣಿ, ಮೃಗಶಿರ ಯಾವುವೆಂದು ಯಾರೂ ಹೇಳಿಕೊಡಬೇಕಿಲ್ಲ. ಆ ಕೃತ್ತಿಕೆಯಿಂದ ಸ್ವಲ್ಪ ದಕ್ಷಿಣಕ್ಕೆ, ಬೈನಾಕ್ಯುಲರಿನ ಒಂದೇ ನೋಟಕ್ಕೆ ಎರಡೂ ಸಿಗುವಷ್ಟು ಹತ್ತಿರದಲ್ಲಿ ನೀನಿದ್ದೀಯೆ. 2025ರ ನವೆಂಬರ್ 21ರಂದು ಸೂರ್ಯನಿಗೆ ನೇರ ಎದುರು ಬಂದಿದ್ದೆ. ಆಗ ನಮ್ಮಿಬ್ಬರ ನಡುವಿನ ದೂರ ಸುಮಾರು 277 ಕೋಟಿ ಕಿಲೋಮೀಟರ್. ನಿನ್ನ ಬೆಳಕು ಇಲ್ಲಿಗೆ ತಲುಪಲು ಎರಡೂವರೆ ಗಂಟೆಗೂ ಹೆಚ್ಚು ಬೇಕು. ನವೆಂಬರ್ ನಮ್ಮ ಕಡೆ ಹಿಂಗಾರಿನ ಮೋಡದ ಕಾಲ. ಜನವರಿ, ಫೆಬ್ರವರಿ ಬಂತೆಂದರೆ ಆಕಾಶ ತೊಳೆದಿಟ್ಟಂತಾಗುತ್ತದೆ. ಆಗ ಕತ್ತಲಾಗುವ ಹೊತ್ತಿಗೆ ನೀನು ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೇ ಇರುತ್ತೀಯೆ. ಇಂಗ್ಲೆಂಡಿನಲ್ಲಿ ನಿನ್ನನ್ನು ಮೊದಲು ಗುರುತಿಸಿದವರಿಗೆ ನೀನು ಇಷ್ಟು ಎತ್ತರದಲ್ಲಿ ಎಂದೂ ಸಿಕ್ಕಿರಲಿಲ್ಲ. ಭೂಮಿಯ ಗಾಳಿಯ ಪದರ ನೆತ್ತಿಯ ಕಡೆ ಅತಿ ತೆಳು. ದೂರದ ಗ್ರಹ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ನಮ್ಮ ಊರು ಇರುವ ಅಕ್ಷಾಂಶ ನಮಗೆ ಕೊಟ್ಟಿರುವ ಅನುಕೂಲ ಇದು.

ಹಾಗೆಂದು ನೀನು ಸುಲಭಕ್ಕೆ ಸಿಗುವವನಲ್ಲ. ಡಾಬ್ಸೋನಿಯನ್ ಮಾದರಿಯ ನನ್ನ ಟೆಲಿಸ್ಕೋಪನ್ನು ನೆತ್ತಿಯ ಕಡೆ ಎತ್ತಿದರೆ ಅದು ಅತ್ತ ಇತ್ತ ತಿರುಗಲು ಹಟ ಮಾಡುತ್ತದೆ. ಇಬ್ಬನಿ ಇಳಿದು ಗಾಜು ಮಂಜಾಗುತ್ತದೆ. ನಿನ್ನ ಪಕ್ಕದಲ್ಲೇ ನಿನ್ನಷ್ಟೇ ಮಂಕಾದ ನಕ್ಷತ್ರಗಳಿವೆ. ಬೈನಾಕ್ಯುಲರಿನಲ್ಲಿ ಯಾವುದು ನೀನು, ಯಾವುದು ಅವು ಎಂದು ತಿಳಿಯುವುದಿಲ್ಲ. ಇನ್ನೂರು ಪಟ್ಟು ದೊಡ್ಡದಾಗಿ ತೋರುವ ಐಪೀಸ್ ಹಾಕಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ನಕ್ಷತ್ರಗಳು ಚುಕ್ಕಿಯಾಗಿಯೇ ಉಳಿಯುತ್ತವೆ. ನೀನು ಮಾತ್ರ ಅಂಚಿರುವ ಒಂದು ಪುಟ್ಟ ಬಿಲ್ಲೆಯಾಗುತ್ತೀಯೆ, ತಿಳಿ ಹಸಿರು ಬೆರೆತ ನೀಲಿಯಲ್ಲಿ. ನಿನ್ನ ಮೇಲಿನ ಮೀಥೇನ್ ಅನಿಲ ಬಿಸಿಲಿನ ಕೆಂಪನ್ನು ಹೀರಿಕೊಂಡು ಉಳಿದದ್ದನ್ನು ನಮ್ಮ ಕಡೆ ಕಳಿಸುವುದರಿಂದ ಬಂದ ಬಣ್ಣ ಅದು. ಒಂದು ರೂಪಾಯಿ ನಾಣ್ಯವನ್ನು ಒಂದೂಕಾಲು ಕಿಲೋಮೀಟರ್ ಆಚೆ ಹಿಡಿದರೆ ಎಷ್ಟು ಕಾಣುತ್ತದೋ ನೀನೂ ಅಷ್ಟೇ ಕಾಣುವುದು. ಭೂಮಿಯ ನಾಲ್ಕು ಪಟ್ಟು ಅಗಲದ ಗ್ರಹ ಹಾಗೆ ಕಾಣುತ್ತದೆಂದರೆ ನಡುವಿನ ದೂರ ಎಷ್ಟೆಂಬುದು ಮೈಗೆ ತಾಕುವುದು ಆ ಕ್ಷಣದಲ್ಲಿ.

ನಿನ್ನನ್ನು ನಿನ್ನ ಗುರುತು ತಿಳಿಯದೆಯೇ ನೋಡಿ ಬರೆದಿಟ್ಟವರಿದ್ದಾರೆ. ಇಂಗ್ಲೆಂಡಿನ ಜಾನ್ ಫ್ಲ್ಯಾಮ್‌ಸ್ಟೀಡ್ 1690ರ ಡಿಸೆಂಬರಿನಲ್ಲಿ ನಿನ್ನನ್ನು ನಕ್ಷತ್ರವೆಂದೇ ತಿಳಿದು ವೃಷಭ ರಾಶಿಯ 34ನೆಯ ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ. ಫ್ರಾನ್ಸಿನ ಪಿಯರ್ ಲೆಮೋನಿಯೆ 1750 ಮತ್ತು 1769ರ ನಡುವೆ ಹಲವು ಸಲ ನಿನ್ನ ಸ್ಥಾನ ಗುರುತು ಮಾಡಿಕೊಂಡ. ಇಬ್ಬರಿಗೂ ಅದು ಗ್ರಹವೆಂದು ಹೊಳೆಯಲಿಲ್ಲ. ಆದರೆ ಅಳೆದದ್ದನ್ನು ತಿದ್ದದೆ ಬರೆದಿಟ್ಟರು.

1781ರ ಮಾರ್ಚ್ 13ರ ರಾತ್ರಿ ಬಾತ್ ಪಟ್ಟಣದಲ್ಲಿ ವಿಲಿಯಂ ಹರ್ಷೆಲ್ ನಿನ್ನನ್ನು ಕಂಡ. ಅವನು ಹೊಟ್ಟೆಪಾಡಿಗೆ ಸಂಗೀತಗಾರ. ವೀಕ್ಷಣಾಲಯವೆಂದರೆ ಅವನ ಮನೆಯ ಹಿತ್ತಲು. ಕೈಯಾರೆ ಉಜ್ಜಿ ಮಾಡಿಕೊಂಡ ಲೋಹದ ಕನ್ನಡಿಯ ಅಗಲ ಆರು ಇಂಚಿಗಿಂತ ತುಸು ಹೆಚ್ಚು. ನನ್ನ ಹಿತ್ತಲಲ್ಲಿರುವುದು ಅದಕ್ಕಿಂತ ದೊಡ್ಡದು. ನೀನು ಚುಕ್ಕಿಯಲ್ಲ, ಬಿಲ್ಲೆ ಎಂಬುದನ್ನು ಅವನು ಗಮನಿಸಿದ. ನಾಲ್ಕು ದಿನ ಬಿಟ್ಟು ನೋಡಿದರೆ ನೀನು ಜಾಗ ಬದಲಿಸಿದ್ದೆ. ಧೂಮಕೇತು ಎಂದು ವರದಿ ಮಾಡಿದ. ಗ್ರಹವೆಂದು ತೀರ್ಮಾನವಾದದ್ದು ಬೇರೆಯವರು ಲೆಕ್ಕ ಹಾಕಿದ ಮೇಲೆ. ಅವನು ಕೊಟ್ಟ ಹೆಸರು ತಪ್ಪಿತ್ತು. ಬರೆದಿಟ್ಟ ವಿವರ ಸರಿಯಿತ್ತು. ವಿವರ ಸರಿಯಿದ್ದದ್ದರಿಂದಲೇ ಹೆಸರನ್ನು ತಿದ್ದಲು ಸಾಧ್ಯವಾಯಿತು. ಶನಿಯೇ ಕೊನೆಯ ಗ್ರಹ ಎಂದು ಸಾವಿರಾರು ವರ್ಷ ನಂಬಿದ್ದ ಲೋಕಕ್ಕೆ ಸೌರಮಂಡಲ ಒಂದೇ ಏಟಿಗೆ ಎರಡು ಪಟ್ಟಾಯಿತು.

ಫ್ಲ್ಯಾಮ್‌ಸ್ಟೀಡ್, ಲೆಮೋನಿಯೆ ಬರೆದಿಟ್ಟ ಹಳೆಯ ಅಂಕಿಗಳಿಗೆ ಆಮೇಲೆ ಬೆಲೆ ಬಂತು. ಅವುಗಳ ಜೊತೆ ಹೊಸ ಅಂಕಿಗಳನ್ನು ಇಟ್ಟು ನೋಡಿದಾಗ ನೀನು ಲೆಕ್ಕದ ದಾರಿಯಲ್ಲಿ ನಡೆಯುತ್ತಿಲ್ಲ ಎಂದು ಗೊತ್ತಾಯಿತು. ನಿನ್ನನ್ನು ಯಾವುದೋ ಎಳೆಯುತ್ತಿದೆ ಎಂಬ ಅನುಮಾನ ಹುಟ್ಟಿತು. ಫ್ರಾನ್ಸಿನ ಲ ವೆರ್ರಿಯೆ ಅದು ಎಲ್ಲಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಖಗೋಳ ವಿಜ್ಞಾನಿ ಗಾಲೆ ಅತ್ತ ಟೆಲಿಸ್ಕೋಪ್ ತಿರುಗಿಸಿದಾಗ ನೆಪ್ಚೂನ್ ಸಿಕ್ಕಿತು. ತಾನು ಬರೆದ ಒಂದು ಸಾಲು ಒಂದೂವರೆ ಶತಮಾನದ ಆಚೆ ಇನ್ನೊಂದು ಗ್ರಹಕ್ಕೆ ದಾರಿ ತೋರುತ್ತದೆ ಎಂದು ಫ್ಲ್ಯಾಮ್‌ಸ್ಟೀಡ್ ಕನಸಿನಲ್ಲೂ ನೆನೆದಿರಲಾರ. ಪ್ರಾಮಾಣಿಕವಾಗಿ ಬರೆದಿಟ್ಟದ್ದು ವ್ಯರ್ಥವಾಗುವುದಿಲ್ಲ ಎಂದು ನಾನು ನಂಬಿರುವುದು ಇದನ್ನು ಓದಿದ ಮೇಲೆ.

ಇನ್ನು ನಮ್ಮವರ ಪಾಲು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳಭೌತ ಸಂಸ್ಥೆಯ ವೀಕ್ಷಣಾಲಯವೊಂದು ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿದೆ. ಖಗೋಳ ವಿಜ್ಞಾನಿ ವೈನು ಬಾಪು ಅವರು ಜಾಗ ಹುಡುಕಿ ಕಟ್ಟಿಸಿದ್ದು. 1972ರಲ್ಲಿ ಅಲ್ಲಿಗೆ ಒಂದು ಮೀಟರ್ ಕನ್ನಡಿಯ ಟೆಲಿಸ್ಕೋಪ್ ಬಂತು. 1977ರ ಮಾರ್ಚ್ 10ರಂದು ನೀನು ಒಂದು ಮಂಕು ನಕ್ಷತ್ರಕ್ಕೆ ಅಡ್ಡ ಬರುವವನಿದ್ದೆ. ನಕ್ಷತ್ರದ ಬೆಳಕು ಹೇಗೆ ಮರೆಯಾಗುತ್ತದೆ ಎಂದು ಅಳೆದರೆ ನಿನ್ನ ಗಾತ್ರ, ನಿನ್ನ ವಾಯುಮಂಡಲ ತಿಳಿಯುತ್ತದೆ. ಅದಕ್ಕಾಗಿ ಲೋಕದ ಹಲವು ಕಡೆ ಖಗೋಳ ವಿಜ್ಞಾನಿಗಳು ಸಜ್ಜಾಗಿ ನಿಂತರು. ಕಾವಲೂರಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಇದ್ದರು. ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ಟೆಲಿಸ್ಕೋಪ್ ಕೂರಿಸಿದ ವಿಮಾನದಲ್ಲಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದರು.

ನೀನು ಇನ್ನೂ ನಕ್ಷತ್ರದ ಹತ್ತಿರ ಬಂದಿರಲಿಲ್ಲ, ಅಷ್ಟರಲ್ಲೇ ಅದರ ಬೆಳಕು ಒಮ್ಮೆ ಕುಗ್ಗಿ ಮತ್ತೆ ಸರಿಹೋಯಿತು. ಮೋಡ ಹಾದಿರಬಹುದು, ಯಂತ್ರ ಕೈಕೊಟ್ಟಿರಬಹುದು ಎಂದು ಅದನ್ನು ಬದಿಗಿಡುವುದು ಸುಲಭವಿತ್ತು. ಕಾವಲೂರಿನವರು ಬದಿಗಿಡಲಿಲ್ಲ. ನಿನ್ನ ಸುತ್ತ ಒಂದು ಹೊಸ ಉಪಗ್ರಹವಿರಬೇಕೆಂದು ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ನೇಚರ್ ಪತ್ರಿಕೆಯಲ್ಲಿ ಬರೆದರು. ವಿಮಾನದಲ್ಲಿದ್ದವರಿಗೆ ಇಂಥ ಕುಗ್ಗುಗಳು ನಿನ್ನ ಎರಡೂ ಬದಿಗೆ, ಸಮದೂರದಲ್ಲಿ, ಜೋಡಿ ಜೋಡಿಯಾಗಿ ಸಿಕ್ಕಿದ್ದವು. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ತಿಳಿದದ್ದು, ನಿನಗೆ ಉಂಗುರಗಳಿವೆ! ಶನಿಗೆ ಬಿಟ್ಟರೆ ಬೇರೆ ಯಾವ ಗ್ರಹಕ್ಕೂ ಉಂಗುರವಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಭಟ್ಟಾಚಾರ್ಯ ಮತ್ತು ಬಾಪು ಅದೇ ವರ್ಷ ಆ ಉಂಗುರಗಳ ಬಗ್ಗೆಯೂ ನೇಚರ್‌ನಲ್ಲಿ ಬರೆದರು. ಮೊದಲ ಸಲ ಸಿಕ್ಕವು ಐದು. ಈಗ ಲೆಕ್ಕ 13ಕ್ಕೆ ಬಂದಿದೆ. ಅವುಗಳಲ್ಲಿ ಕೆಲವು ಹತ್ತು ಕಿಲೋಮೀಟರೂ ಅಗಲವಿಲ್ಲ. ಮಂಡಿಕಲ್ಲಿನಿಂದ ಹತ್ತಿರದ ಪೇರೇಸಂದ್ರಕ್ಕೆ ಹೋಗುವಷ್ಟು ಜಾಗದೊಳಗೆ ಮುಗಿದುಹೋಗುವ ಒಂದು ಉಂಗುರವನ್ನು ನೂರಾರು ಕೋಟಿ ಕಿಲೋಮೀಟರ್ ದೂರದಿಂದ ಪತ್ತೆ ಮಾಡಿದ್ದು ಒಂದು ನಕ್ಷತ್ರದ ಬೆಳಕನ್ನು ಬಿಡದೆ ಅಳೆದು ಬರೆದುಕೊಂಡವರು. ಇದು ನಮ್ಮ ಶಾಲೆಗಳ ಗೋಡೆಯ ಮೇಲೆ ಇರಬೇಕಾದ ಸುದ್ದಿ.

ನಮ್ಮ ಜಿಲ್ಲೆಯ ಮಣ್ಣಿಗೂ ಆಕಾಶದ ಕೆಲಸ ಹೊಸದಲ್ಲ. ಗೌರಿಬಿದನೂರಿನ ಹತ್ತಿರ ಬಯಲಿನಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟು ಖಗೋಳಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ 1976ರ ಹೊತ್ತಿಗೆ ಒಂದು ರೇಡಿಯೋ ದೂರದರ್ಶಕ ಕಟ್ಟಿದವು. ಪೂರ್ವ ಪಶ್ಚಿಮವಾಗಿ ಅದರ ಉದ್ದ 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್ ತರಂಗದಲ್ಲಿ ಅದು ಇಡೀ ಆಕಾಶದ ದೊಡ್ಡ ಭಾಗದ ನಕ್ಷೆ ಮಾಡಿಕೊಟ್ಟಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲೇ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂಬುದನ್ನು ಬದುಕಿನುದ್ದಕ್ಕೂ ಹೇಳಿದವರು. ಕಣ್ಣಾರೆ ನೋಡಿ ಬರೆದುಕೊಳ್ಳುವ ಮಗು ಆ ಪಾಠವನ್ನು ಯಾರ ಭಾಷಣವೂ ಇಲ್ಲದೆ ಕಲಿಯುತ್ತದೆ. ನಮ್ಮ ದೇವಸ್ಥಾನಗಳ ನವಗ್ರಹಗಳಲ್ಲಿ ನೀನಿಲ್ಲ. ಯಾರ ಮದುವೆ ತಡವಾದದ್ದಕ್ಕೂ ಯಾರ ಬೋರ್‌ವೆಲ್ ಬತ್ತಿದ್ದಕ್ಕೂ ನಿನ್ನನ್ನು ಹೊಣೆ ಮಾಡಿದ ರೂಢಿ ನಮ್ಮ ಹಳ್ಳಿಗಳಲ್ಲಿಲ್ಲ. ಭಯವಿಲ್ಲದೆ ನೋಡಲು ಮಕ್ಕಳಿಗೆ ನಿನ್ನಂಥ ಗ್ರಹ ಬೇರೆ ಇಲ್ಲ.

ಈಗ ನಿನ್ನ ಚಂದ್ರರ ವಿಷಯ. ತಿಳಿದಿರುವಂತೆ ಈಗ ನಿನಗೆ 29 ಉಪಗ್ರಹಗಳು. ಕೊನೆಯದನ್ನು ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರಗಳಿಂದ ಪತ್ತೆ ಮಾಡಿ 2025ರ ಆಗಸ್ಟಿನಲ್ಲಿ ಪ್ರಕಟಿಸಿದರು. ಅವುಗಳಲ್ಲಿ ದೊಡ್ಡವಾದ ಟೈಟಾನಿಯಾ ಮತ್ತು ಒಬೆರಾನ್ 1787ರ ಜನವರಿಯಲ್ಲಿ ಹರ್ಷೆಲನಿಗೇ ಸಿಕ್ಕವು. ಅವುಗಳ ಜೊತೆಗೆ ಇನ್ನೂ ನಾಲ್ಕು ಕಂಡೆನೆಂದೂ ಅವನು ಹೇಳಿದ್ದ. ಅವು ಇರಲೇ ಇಲ್ಲ. 1851ರಲ್ಲಿ ಏರಿಯಲ್, ಅಂಬ್ರಿಯಲ್ ಎರಡನ್ನೂ ಕಂಡ ವಿಲಿಯಂ ಲ್ಯಾಸೆಲ್ ಲಿವರ್‌ಪೂಲಿನಲ್ಲಿ ಬಿಯರ್ ತಯಾರಿಸುವ ವ್ಯಾಪಾರಿ. ಎರಡಡಿ ಅಗಲದ ಕನ್ನಡಿಯನ್ನು ತಾನೇ ಮಾಡಿಕೊಂಡಿದ್ದ. ಮಿರಾಂಡಾ ಸಿಗಲು 1948ರವರೆಗೆ ಕಾಯಬೇಕಾಯಿತು.

ಹಿತ್ತಲಿನ ಟೆಲಿಸ್ಕೋಪಿಗೆ ನಿನ್ನ ಚಂದ್ರರು ಕಷ್ಟದ ಪರೀಕ್ಷೆ. ನಿನ್ನ ಬೆಳಕಿನ ಪಕ್ಕದಲ್ಲಿ ಅವುಗಳಲ್ಲಿ ದೊಡ್ಡವೂ ಸುಮಾರು ಎರಡು ಸಾವಿರ ಪಟ್ಟು ಮಂಕು. ಕಾಣಬೇಕಾದರೆ ನಿನ್ನನ್ನು ಐಪೀಸಿನ ಅಂಚಿನಾಚೆ ಸರಿಸಿ, ಕಣ್ಣನ್ನು ಕತ್ತಲಿಗೆ ಅರ್ಧ ಗಂಟೆಯಾದರೂ ಒಗ್ಗಿಸಿ, ನೇರ ನೋಡದೆ ಓರೆಗಣ್ಣಿನಿಂದ ನೋಡಬೇಕು. ಈ ವರ್ಷಗಳಲ್ಲಿ ಒಂದು ಅನುಕೂಲವಿದೆ. ನೀನು ಮಗ್ಗುಲಾಗಿ ಮಲಗಿ ಸೂರ್ಯನನ್ನು ಸುತ್ತುವವನು. ನಿನ್ನ ಅಕ್ಷದ ಓರೆ 98 ಡಿಗ್ರಿ. ಚಿಕ್ಕಬಳ್ಳಾಪುರ ಜಿಲ್ಲೆಯಾದ 2007ರಲ್ಲಿ ನಿನ್ನ ನಡುಭಾಗ ನಮ್ಮ ಕಡೆಗಿತ್ತು. ಚಂದ್ರರು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಓಡಾಡುತ್ತ ನಿನ್ನ ಪ್ರಭೆಯೊಳಗೆ ಮುಳುಗಿಹೋಗುತ್ತಿದ್ದರು. ಈಗ ನಿನ್ನ ಉತ್ತರ ಧ್ರುವ ನಮ್ಮತ್ತ ತಿರುಗುತ್ತಿದೆ. ಚಂದ್ರರ ದಾರಿ ನಮಗೆ ಬಹುತೇಕ ದುಂಡಗೆ ಕಾಣುತ್ತದೆ. ಟೈಟಾನಿಯಾ ಎಂಟೂಮುಕ್ಕಾಲು ದಿನಕ್ಕೊಂದು ಸುತ್ತು, ಒಬೆರಾನ್ ಹದಿಮೂರೂವರೆ ದಿನಕ್ಕೊಂದು ಸುತ್ತು, ಹೆಚ್ಚುಕಡಿಮೆ ಒಂದೇ ದೂರ ಕಾಯ್ದುಕೊಂಡು ತಿರುಗುತ್ತಾರೆ.

ಈ ಚಳಿಗಾಲ ಬೆಂಗಳೂರಿನ ಗೆಳೆಯರು ಹನ್ನೆರಡು ಇಂಚಿನ ಟೆಲಿಸ್ಕೋಪ್ ತಂದಿದ್ದರು. ಊರಿನ ಕೆಲವು ಮಕ್ಕಳೂ ಸೇರಿದರು. ನಿನ್ನ ಚಂದ್ರರು ಎಲ್ಲಿದ್ದಾರೆಂದು ಯಾರಿಗೂ ಹೇಳಲಿಲ್ಲ. ಒಬ್ಬೊಬ್ಬರಿಗೂ ಬಿಳಿ ಹಾಳೆ, ಪೆನ್ಸಿಲ್ಲು ಕೊಟ್ಟು ಕಂಡದ್ದನ್ನು ಮಾತ್ರ ಬರೆಯಿರಿ ಎಂದೆವು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬಹಳ ಹೊತ್ತು ಕಣ್ಣಿಟ್ಟು, "ಪಕ್ಕದಲ್ಲಿ ಏನೋ ಇದೆ ಸಾರ್, ಒಂದ್ಸಲ ಕಾಣುತ್ತೆ, ಒಂದ್ಸಲ ಹೋಗುತ್ತೆ" ಎಂದಳು. "ಹಾಕ್ಲಾ, ಬೇಡ್ವಾ?" ಎಂದು ಕೇಳಿದಳು. "ಕಂಡಿದ್ರೆ ಹಾಕಮ್ಮ" ಎಂದೆ. ಎರಡು ಚುಕ್ಕಿ ಹಾಕಿದಳು. ಮಾರನೆಯ ದಿನ ಲೆಕ್ಕದ ನಕ್ಷೆ ತೆಗೆದು ಹೋಲಿಸಿದೆವು. ಒಂದು ದೂರದ ಬೇರೆ ನಕ್ಷತ್ರ. ಇನ್ನೊಂದು ಟೈಟಾನಿಯಾ ಇರಬೇಕಾದ ಜಾಗದಲ್ಲೇ ಇತ್ತು. ಎರಡನ್ನೂ ಅಳಿಸದೆ ಉಳಿಸಿಕೊಂಡು, ಯಾವುದು ಏನೆಂದು ಕೆಳಗೆ ಬರೆದುಕೊಂಡಳು. ಆ ಹಾಳೆ ನೋಡಿದಾಗ ನನಗಾದ ಸಂತೋಷ ನಾನು ನಿನ್ನನ್ನು ಮೊದಲ ಸಲ ಕಂಡಾಗಲೂ ಆಗಿರಲಿಲ್ಲ.

ಇಂಥ ಹಾಳೆಗಳು ಇನ್ನೂ ಹುಟ್ಟಬೇಕಾದರೆ ಕತ್ತಲೆ ಬೇಕು. ನಮ್ಮ ದಕ್ಷಿಣದ ಆಕಾಶವನ್ನು ದೇವನಹಳ್ಳಿ, ಬೆಂಗಳೂರುಗಳ ಬೆಳಕು ಆಗಲೇ ತಿಂದಿದೆ. ಊರೊಳಗೆ ಬಲ್ಬುಗಳು ನೆಲಕ್ಕೆ ಬೆಳಕು ಚೆಲ್ಲುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ, ಕಣ್ಣಿಗೆ ಚೆಲ್ಲುತ್ತಿವೆ. ನಮ್ಮ ಸೀಮೆಯಲ್ಲಿ ಸೇವಂತಿಗೆ ತೋಟಗಳಿಗೂ ರಾತ್ರಿ ಎಲ್‌ಇಡಿ ಬಲ್ಬು ಕಟ್ಟುತ್ತಾರೆ. ಅದಕ್ಕೆ ಕಾರಣವಿದೆ: ಸೇವಂತಿಗೆ ಹಗಲು ಉದ್ದವಿದ್ದಾಗ ಗಿಡವಾಗಿ ಬೆಳೆಯುತ್ತದೆ, ರಾತ್ರಿ ಉದ್ದವಾದಾಗ ಮೊಗ್ಗು ಬಿಡುತ್ತದೆ. ಗಿಡ ಚೆನ್ನಾಗಿ ಕವಲೊಡೆಯಲೆಂದು ರೈತ ದೀಪ ಹಚ್ಚಿ ಹಗಲನ್ನು ಉದ್ದ ಮಾಡುತ್ತಾನೆ. ಹೂ ಬೇಕಾದಾಗ ಆರಿಸುತ್ತಾನೆ. ಕತ್ತಲೆಗೆ ಬೆಲೆಯಿದೆ ಎಂಬುದು ನಮ್ಮ ಹೂವಿನ ರೈತರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅವರ ದುಡಿಮೆಗೆ ಅಡ್ಡ ಬರುವ ಮಾತು ನನ್ನದಲ್ಲ. ಬಲ್ಬಿನ ಮೇಲೊಂದು ಮುಚ್ಚಳ ಕಟ್ಟಿದರೆ ಬೆಳಕು ಗಿಡಕ್ಕೇ ಬೀಳುತ್ತದೆ, ಆಕಾಶಕ್ಕೆ ಹೋಗುವುದು ತಪ್ಪುತ್ತದೆ. ಬೀದಿ ದೀಪಕ್ಕೂ ಅದೇ ಉಪಾಯ. ನಡೆಯುವವರಿಗೆ ದಾರಿ ಕಾಣಬೇಕು, ಹೆಣ್ಣುಮಕ್ಕಳು ಧೈರ್ಯವಾಗಿ ಓಡಾಡಬೇಕು. ಕೆಳಮುಖದ ದೀಪ ಅದನ್ನು ಇನ್ನೂ ಚೆನ್ನಾಗಿ ಮಾಡುತ್ತದೆ.

ಇದು ಆಗದ ಮಾತಲ್ಲ. ಲಡಾಖಿನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲೆಯ ಆಕಾಶವನ್ನು ಕಾಯ್ದಿಟ್ಟ ಪ್ರದೇಶವೊಂದನ್ನು ಘೋಷಿಸಿದರು. ಅಲ್ಲಿನ ವೀಕ್ಷಣಾಲಯ ನಡೆಸುವುದೂ ಇದೇ ಕೋರಮಂಗಲದ ಸಂಸ್ಥೆ. ಹಳ್ಳಿಯವರೇ ತರಬೇತಿ ಪಡೆದು, ಬಂದವರಿಗೆ ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಗುಡಿಬಂಡೆ, ಮಂಡಿಕಲ್, ಬಾಗೇಪಲ್ಲಿ ಕಡೆಯ ಬಂಡೆಗುಡ್ಡಗಳ ನಡುವೆ ಇನ್ನೂ ಉಳಿದಿರುವ ಕತ್ತಲೆಯನ್ನು ನಾವೂ ಹಾಗೆ ಕಾಯ್ದುಕೊಳ್ಳಬಹುದು.

ನನ್ನ ಕೋರಿಕೆಗಳು ಇಷ್ಟು. ಮೇಷ್ಟ್ರುಗಳೇ, ಮೇಡಂಗಳೇ, ಪ್ರತಿ ಪ್ರೌಢಶಾಲೆಯಲ್ಲೂ ಒಂದು ಆಕಾಶದ ನೋಟ್‌ಬುಕ್ ಇಡಿ. ಸಾಧಾರಣ ಬೈನಾಕ್ಯುಲರ್ ಒಂದಿದ್ದರೆ ಸಾಕು. ಕೃತ್ತಿಕೆಯ ಕೆಳಗಿನ ಚುಕ್ಕಿಗಳನ್ನು ಮಕ್ಕಳು ವಾರಕ್ಕೊಂದು ಸಲ ಬರೆಯಲಿ, ದಿನಾಂಕ ಹಾಕಲಿ. ಕೆಲವು ವಾರದಲ್ಲಿ ಒಂದು ಚುಕ್ಕಿ ಮಾತ್ರ ಸರಿದಿರುತ್ತದೆ. ಅದು ನೀನು. ಅದನ್ನು ಮಗು ತಾನೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ. ಪಂಚಾಯಿತಿಯವರೇ, ಹೊಸ ದೀಪ ಹಾಕುವಾಗ ಮುಚ್ಚಳವಿರುವುದನ್ನೇ ಹಾಕಿಸಿ.

1690ರಲ್ಲಿ ಫ್ಲ್ಯಾಮ್‌ಸ್ಟೀಡ್ ಕಂಡ ಹೆಚ್ಚುಕಡಿಮೆ ಅದೇ ಜಾಗಕ್ಕೆ ನೀನು ಈ ವರ್ಷದ ಕೊನೆಗೆ, 84 ವರ್ಷಗಳ ನಾಲ್ಕು ಸುತ್ತು ಮುಗಿಸಿ ಬರುತ್ತೀಯೆ. 2033ಕ್ಕೆ ಹರ್ಷೆಲ್ ಕಂಡ ಜಾಗಕ್ಕೆ ಮೂರು ಸುತ್ತು. ಅಷ್ಟರೊಳಗೆ ಮಂಡಿಕಲ್ ಹೋಬಳಿಯ ಶಾಲೆಗಳಲ್ಲಿ ಏಳು ವರ್ಷದ ನೋಟ್‌ಬುಕ್ಕುಗಳು ಸೇರಿರಬೇಕೆಂಬುದು ನನ್ನ ಆಸೆ. ಸೇವಂತಿಗೆ ತೋಟಕ್ಕೋ ಬೀದಿ ದೀಪಕ್ಕೋ ಮುಚ್ಚಳ ಕಟ್ಟಲು ಮುಂದೆ ಬರುವವರಿದ್ದರೆ ನಾನು ಏಣಿ ತರುತ್ತೇನೆ. ನೋಟ್‌ಬುಕ್ ಶುರು ಮಾಡುವ ಶಾಲೆಗೆ ನನ್ನ ಎಂಟು ಇಂಚಿನ ಟೆಲಿಸ್ಕೋಪ್ ಹೊತ್ತು ತರುತ್ತೇನೆ.

ಇತಿ,
ಮಂಡಿಕಲ್ಲಿನ ಒಬ್ಬ ಆಕಾಶ ವೀಕ್ಷಕ
ಫೆಬ್ರವರಿ 2026